ಎಡಭುಜದ ಹೊಲಿಗೆ

ಗಣಿ ಕಾರ್ಮಿಕರ ವಸತಿ
೧೯೮೪, ಆಗಸ್ಟ್ ೯

ಅಕ್ಕ,

ಬದುಕಿದ್ದೇನೆ. ನಿನಗೆ ಮೊದಲು ಬೇಕಾದ ಸುದ್ದಿ ಅದೇ ಎಂದು ಅದನ್ನೇ ಮೊದಲು ಬರೆದೆ. ದಗ್ವಾನ ಚಾವಟಿ ಸೀಳಿದ ಕೆನ್ನೆಗೆ ಇಲ್ಲಿಯ ನರ್ಸು ಏಳು ಹೊಲಿಗೆ ಹಾಕಿದ್ದಾಳೆ. ನಿನ್ನ ಕೈಯ ಅಂದವಿಲ್ಲ. ಎರಡು ಹಲ್ಲು ಹೋದವು. ಲಾರಿಗೆ ಕಲ್ಲಿದ್ದಲು ತುಂಬುವ ಕೆಲಸ ಸಿಕ್ಕಿದೆ.

ಅವತ್ತು ನಾದಮ್ ಕುಸ್ತಿಹಬ್ಬದ ಬಯಲಿನಲ್ಲಿ ನೀನು ಹೆಂಗಸರ ಜೊತೆ ದೂರದಲ್ಲಿದ್ದೆ, ನಿನಗೆ ಸರಿಯಾಗಿ ಕಂಡಿರಲಾರದು. ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಯಾರಿಗಾದರೂ ಹೇಳದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ.

ಕೊನೆಯ ಸುತ್ತು, ಗೆದ್ದವನಿಗೆ ಸಿಂಹ ಎಂಬ ಬಿರುದು. ಶಾರವ್ ಆರು ವರ್ಷ ನನ್ನನ್ನು ಕೆಡವಿದ್ದ. ಆರು ವರ್ಷವೂ ನಾನು ಸೋತವನು ಮಾಡಬೇಕಾದ ಹಾಗೆ ಅಂಗಿಯ ಗಂಟು ಬಿಚ್ಚಿ ಅವನ ತೋಳಿನ ಕೆಳಗೆ ತಲೆ ಬಗ್ಗಿಸಿ ದಾಟಿದ್ದೆ. ದಾಟುವಾಗೆಲ್ಲ ಬೆನ್ನಿಗೊಂದು ಗುದ್ದಿ, "ಮುಂದಿನ್ ವರ್ಷ ಇನ್ನೂ ಒಂದು ಕುರಿ ಜಾಸ್ತಿ ತಿಂದ್ಕೊಂಡ್ ಬಾರೋ" ಅನ್ನುತ್ತಿದ್ದ. ಕೆಡವಿದರೂ ಅವನಷ್ಟು ಗೆಳೆಯ ನನಗೆ ಇನ್ನೊಬ್ಬನಿರಲಿಲ್ಲ.

ಈ ಸಲವೂ ಅವನ ಕೈ ನನ್ನ ಎಡಭುಜಕ್ಕೇ ಬಂತು. ಅವನ ಪಟ್ಟು ಊರಿಗೇ ಗೊತ್ತು. ಅಂಗಿಯ ತೋಳನ್ನು ಭುಜದ ಹತ್ತಿರ ಹಿಡಿದು, ಹಿಂದಕ್ಕೆ ಬಿಲ್ಲಿನಂತೆ ಬಾಗಿ, ತನ್ನ ಮೇಲಿಂದಲೇ ಎತ್ತಿ ಒಗೆಯುವುದು. ಬಾಗಿದ. ನಾನು ಮೈಯ ಭಾರವೆಲ್ಲ ಹಾಕಿ ಮುಂದಕ್ಕೆ ನುಗ್ಗಿದೆ. ಬಟ್ಟೆ ಪರ್ರೆಂದು ಹರಿದ ಸದ್ದಾಯಿತು. ಆಮೇಲೆ ಇನ್ನೊಂದು ಸದ್ದು. ಮಜ್ಜೆಗೆಂದು ಕುರಿಯ ಮೂಳೆ ಮುರಿಯುತ್ತೇವಲ್ಲ, ಅದು. ಅವನ ತಲೆ ನನ್ನ ಎದೆಯ ಕೆಳಗಿತ್ತು.

ನನಗೆ ತಿಳಿಯಲಿಲ್ಲ ಅಕ್ಕ. ಜನ ಕೂಗುತ್ತಿದ್ದರು. ನಾನು ಎದ್ದು ಬಲತೋಳು ಎತ್ತಿ ನಿಂತೆ, ಅವನು ಏಳಲಿ, ಒಮ್ಮೆಯಾದರೂ ನನ್ನ ತೋಳಿನ ಕೆಳಗೆ ದಾಟಲಿ ಎಂದು. "ಏಳೋ, ಒಂದ್ ಸಲ ಬಗ್ಗಿದ್ರೆ ನಿನ್ ಸೊಂಟ ಏನೂ ಮುರಿಯಲ್ಲ" ಎಂದು ನಕ್ಕೆ. ಸತ್ತವನಿಗೆ ಹೇಳಿದೆ. ನನ್ನ ಟೋಪಿ ಹಿಡಿದು ನಿಲ್ಲುವ ಪಿಲ್ಜಿ ಅಜ್ಜ ಬಂದು ನನ್ನ ತೋಳನ್ನು ಕೆಳಕ್ಕೆ ಒತ್ತಿದ. "ಇಳಿಸಪ್ಪ. ಅವ್ನು ಏಳಲ್ಲ" ಅಂದ. ಶಾರವ್‌ನ ಮುಷ್ಟಿಯಲ್ಲಿ ನನ್ನ ಅಂಗಿಯ ಎಡತೋಳು ಹಾಗೇ ಇತ್ತು. ಅಷ್ಟರಲ್ಲಿ ಅವನ ತಮ್ಮ ದಗ್ವಾ ಚಾವಟಿ ಹಿಡಿದು ಬಂದ.

ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡರು. ಈಗ ನಾನೇ ಸಿಂಹ ಅನ್ನುತ್ತಾರೆ. ಆ ಹೆಸರಿನಿಂದ ಯಾರಾದರೂ ಕರೆದರೆ ಎದ್ದು ಹೋಗುತ್ತೇನೆ.

ನಿನ್ನ ತಮ್ಮ,
ಗೊಂಚಿಗ್


೧೯೮೪, ಸೆಪ್ಟೆಂಬರ್ ೨

ಗೊಂಚಿಗ್,

ನಿನ್ನ ಕಾಗದ ಬಂದ ದಿನವೇ ದಗ್ವಾನೂ ಬಂದ. ಕುಡಿದಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

ಮರ್ಯಾದಸ್ಥ ನೆಂಟನ ಹಾಗೆ ದೂರದಿಂದಲೇ "ನಾಯಿ ಹಿಡ್ಕೊಳ್ಳೀ..." ಎಂದು ಕೂಗಿದ. ನಾನು ಗೆರ್ ಡೇರೆಯಿಂದ ಹೊರಬರುವಷ್ಟರಲ್ಲಿ ಕುದುರೆ ಹಿಡಿಯುವ ಗಳುವಿನಿಂದ ನಮ್ಮ ಬಾಸರ್‌ನ ತಲೆಗೆ ಹೊಡೆದಿದ್ದ. ಹದಿಮೂರು ವರ್ಷದ ನಾಯಿ, ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ ಅದಕ್ಕೆ. ಬಾಲ ಅಲ್ಲಾಡಿಸುತ್ತಾ ಹೋಗಿರಬೇಕು. ಎರಡನೆಯ ಏಟಿಗೆ ಸತ್ತಿತು, ಆದರೂ ಅವನು ನಾಲ್ಕು ಹೊಡೆದ.

ಆಮೇಲೆ ಹೊಸ್ತಿಲನ್ನು ಬೇಕೆಂದೇ ತುಳಿದು ನಿಂತ. ಯಾರ ಮನೆಯ ಹೊಸ್ತಿಲನ್ನಾದರೂ ಮನುಷ್ಯ ತುಳಿಯುತ್ತಾನೆಯೇ? ನನ್ನ ಹೊಲಿಗೆ ಯಂತ್ರವನ್ನು ಎತ್ತಿ ಒಲೆಗೆ ಬಡಿದ. "ನಿನ್ ತಮ್ಮನ ಅಂಗಿ ಹೊಲಿದಿದ್ದು ಇದೇ ಅಲ್ವಾ?" ಅಂದ. ನನಗೆ ತಲೆ ಕೆಟ್ಟಿತು. ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಕೈಯಲ್ಲಿತ್ತು, ಬೀಸಿ ಅವನ ಕಿವಿಗೆ ಇಟ್ಟೆ. ಚರ್ಮ ಸುಟ್ಟ ವಾಸನೆ ಇನ್ನೂ ಹೋಗಿಲ್ಲ. ಅವನು ಕೂಗಲಿಲ್ಲ. ನನ್ನ ಕೂದಲು ಹಿಡಿದು ಮುಖವನ್ನು ಒಲೆಯ ಪಕ್ಕಕ್ಕೆ ಒಯ್ದ, ಆಮೇಲೆ ಏನನ್ನಿಸಿತೋ ಬಿಟ್ಟ.

"ನಿನ್ನ ಮುಟ್ಟಿ ನಾನ್ಯಾಕೆ ಜೈಲಿಗೆ ಹೋಗ್ಲಿ? ನಾದಮ್‌ನಲ್ಲಿ ಕತ್ತು ಮುರಿದ್ರೆ ಆಕಸ್ಮಿಕ ಅಂತೆ. ನಂಗೂ ಆಕಸ್ಮಿಕ ಮಾಡೋಕೆ ಬರುತ್ತೆ. ಅವ್ನು ಸಿಂಹ ತಾನೇ, ಎದುರಾಳೀನ ಕರೆಯೋ ಹಕ್ಕು ಅವಂದು. ಮುಂದಿನ್ ನಾದಮ್‌ನ ಮೂರನೇ ಸುತ್ತಲ್ಲಿ ನನ್ ಹೆಸ್ರು ಕರೀಲಿ ಅನ್ನು. ಬರ್ದೆ ಇದ್ರೆ ನಿನ್ ಗೆರ್ ಸಮೇತ ನಿನ್ನ ಸುಡ್ತೀನಿ" ಅಂದು ಹೋದ.

ನೀನು ಬರಬೇಡ. ಅವನು ಸುಟ್ಟರೆ ಸುಡಲಿ, ಬೂದಿಯ ಮೇಲೆ ಇನ್ನೊಂದು ಗೆರ್ ಹಾಕಿಕೊಳ್ಳುತ್ತೇನೆ. ಅಪ್ಪ ಅಮ್ಮ ಹೋದ ಮೇಲೆ ನಿನ್ನನ್ನು ಹೊತ್ತು ಸಾಕಿದ್ದು ಕುಸ್ತಿ ಬಯಲಿನಲ್ಲಿ ಹೆಣ ನೋಡುವುದಕ್ಕಲ್ಲ. ಸಿಂಹನೂ ಬೇಡ, ಇಲಿಯೂ ಬೇಡ, ಬದುಕಿರು.

ಅಕ್ಕ,
ಸೆವ್ಜಿದ್


೧೯೮೪, ನವೆಂಬರ್ ೨೦

ಅಕ್ಕ,

ಹದಿನೈದು ದಿನ ಠಾಣೆಯಲ್ಲಿದ್ದೆ. ಊಟದ ಮನೆಯಲ್ಲಿ ಒಬ್ಬ ಕಾಲು ಕೆರೆದು ಜಗಳಕ್ಕೆ ಬಂದ. ನನ್ನನ್ನು ನೋಡಿದಾಗೆಲ್ಲ ಒಣಗಿದ ಮೊಸರುಗಟ್ಟಿಯನ್ನು ಹಲ್ಲಿನಲ್ಲಿ ಕಟಕ್ಕೆಂದು ಕಡಿದು, "ಹೀಗಾ ಸದ್ದು ಬಂದಿದ್ದು, ಸಿಂಹ?" ಎಂದು ಕೇಳುತ್ತಿದ್ದ. ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ಅವನ ದವಡೆ ಎರಡು ಕಡೆ ಮುರಿಯಿತು. ಬಿದ್ದ ಮೇಲೂ ಒದೆಯುತ್ತಿದ್ದೆನಂತೆ, ಐದು ಜನ ಸೇರಿ ಎಳೆದರಂತೆ. ನನಗೆ ನೆನಪಿಲ್ಲ. ಮೊದಲು ನಾನು ಹೀಗಿರಲಿಲ್ಲ, ಅಲ್ಲವಾ?

ಕತ್ತಲೆ ಕೋಣೆಯಲ್ಲಿ ಕೂತು ಒಂದೇ ವಿಷಯ ತಿರುವಿ ಹಾಕಿದೆ. ಮೊದಲು ಬಟ್ಟೆಯ ಸದ್ದು, ಆಮೇಲೆ ಕತ್ತಿನ ಸದ್ದು. ಅಂದರೆ ನಾನು ಅವನನ್ನು ಕೆಡವಲೇ ಇಲ್ಲ. ಹಿಡಿದ ತೋಳು ಕಿತ್ತು ಬಂದದ್ದಕ್ಕೆ ಅವನು ಬಿದ್ದ. ಹತ್ತು ವರ್ಷ ನೀನು ಹೊಲಿದ ಅಂಗಿಯನ್ನೇ ಹಾಕಿದ್ದೇನೆ, ಒಂದು ಎಳೆ ಜಾರಿದ್ದಿಲ್ಲ. ನಿನ್ನ ಹೊಲಿಗೆಗೆ ಹಗ್ಗ ಕಟ್ಟಿ ಲಾರಿ ಎಳೆಯಬಹುದು ಎಂದು ಶಾರವ್‌ನೇ ಹೇಳುತ್ತಿದ್ದ. ಅದು ಹೇಗೆ ಹರಿಯಿತು?

ಗೊಂಚಿಗ್


೧೯೮೪, ಡಿಸೆಂಬರ್ ೧೫

ಗೊಂಚಿಗ್,

ಇಲ್ಲಿ ವಿಪರೀತ ಚಳಿ. ಎರಡು ಕುರಿ ನಿಂತಲ್ಲೇ ಸತ್ತವು. ಯಂತ್ರದ ಚಕ್ರವನ್ನು ಪಿಲ್ಜಿ ಅಜ್ಜ ಬಡಿದು ನೆಟ್ಟಗೆ ಮಾಡಿಕೊಟ್ಟ, ಓಡುತ್ತದೆ, ಆದರೆ ಕೆಮ್ಮುತ್ತದೆ. ಒಂಟೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಇನ್ನೊಬ್ಬರ ಜೊತೆ ಜಗಳವಾಡಬೇಡ.

ನೀನು ಕೇಳಿದ್ದನ್ನು ಓದಿದೆ. ಬಟ್ಟೆ ಹಳೆಯದಿತ್ತೇನೋ.

ಸೆವ್ಜಿದ್


೧೯೮೫, ಮಾರ್ಚ್ ೪

ಗೊಂಚಿಗ್‌ಗೆ,

ನಿನ್ನ ವಿಳಾಸ ಪಿಲ್ಜಿ ಮುದುಕನಿಂದ ಸಿಕ್ಕಿತು. ಕೇಳಿದ್ದು ಪ್ರೀತಿಯಿಂದಲ್ಲ, ಅವನ ಬೆರಳು ಇನ್ನು ಸರಿಯಾಗಿ ಮಡಚುವುದಿಲ್ಲ.

ಹೊಸ ವರ್ಷದ ಹಬ್ಬದಲ್ಲಿ ನಮ್ಮ ಗೆರ್‌ಗೆ ಯಾರೂ ಬರಲಿಲ್ಲ. ಅಮ್ಮ ಶಾರವ್‌ನ ಬಟ್ಟಲಿಗೂ ಚಹಾ ಬಗ್ಗಿಸಿಟ್ಟು ಅದು ಹೆಪ್ಪುಗಟ್ಟುವುದನ್ನು ನೋಡುತ್ತಾ ಕೂತಿದ್ದಳು. ಸತ್ತವನ ಮೇಲೆ ತೋಳು ಎತ್ತಿ ನಕ್ಕವನು ನೀನು. ನಾನು ಚಳಿಗಾಲವೆಲ್ಲ ಹೋರಿಯ ಕರುಗಳನ್ನು ಕತ್ತು ಹಿಡಿದು ಕೆಡವುತ್ತಿದ್ದೇನೆ. ಮೂರು ಸತ್ತವು. ಯಾವ ಕಡೆಗೆ ತಿರುಗಿಸಬೇಕು ಎಂದು ಈಗ ಕೈಗೆ ಗೊತ್ತಾಗಿದೆ.

ಗಂಡಸಾದರೆ ನನ್ನ ಹೆಸರು ಕರೆ.

ದಗ್ವಾ


೧೯೮೫, ಮೇ ೧೧

ಗೊಂಚಿಗ್,

ಇದನ್ನು ನಾಲ್ಕು ಸಲ ಬರೆದು ಒಲೆಗೆ ಹಾಕಿದೆ. ಇದು ಐದನೆಯದು, ಕಳಿಸುತ್ತೇನೆ.

ನಿನ್ನೆ ಶಾರವ್‌ನ ಅಮ್ಮ ದೊಲ್ಗೊರ್ ಬಂದಿದ್ದಳು. ಒಬ್ಬಳೇ. ಕೊಟ್ಟ ಚಹಾ ಮುಟ್ಟಲಿಲ್ಲ. ನಿಲುವಂಗಿಯ ಎದೆಯೊಳಗಿಂದ ನೀಲಿ ರೇಷ್ಮೆ ಬಟ್ಟೆ ತೆಗೆದು ಮುಂದೆ ಇಟ್ಟಳು. "ದಗ್ವಾಗೆ ಕುಸ್ತಿಯಂಗಿ ಹೊಲ್ಕೊಡು. ಈ ಸುತ್ತಮುತ್ತ ನಿನ್ನಂಥ ಕೈ ಇನ್ನೊಂದಿಲ್ಲ" ಅಂದಳು. ಆಮೇಲೆ ಇನ್ನೊಂದು ತೆಗೆದು ಅದರ ಮೇಲೆ ಇಟ್ಟಳು. ನಿನ್ನ ಕೆಂಪು ಅಂಗಿಯ ಎಡತೋಳು. ಮಗನ ಮುಷ್ಟಿಯಿಂದ ಬೆರಳು ಬಿಡಿಸಿ ತೆಗೆದು ಹತ್ತು ತಿಂಗಳು ತನ್ನ ಹತ್ತಿರ ಇಟ್ಟುಕೊಂಡಿದ್ದಾಳೆ.

"ನಾನೂ ನಲವತ್ತು ವರ್ಷ ಬೂಟು ಹೊಲಿದವ್ಳು ಕಣೇ. ಸುತ್ತ ಎಲ್ಲಾ ಕಡೆ ಮೂರೆಳೆ ದಾರ. ಭುಜದಲ್ಲಿ ಒಂದೇ ಎಳೆ, ಅದೂ ಹತ್ತಿ ದಾರ. ನೋಡಿ ನೋಡಿ ಕಣ್ಣು ಹೋಯ್ತು, ಆದ್ರೂ ಕಾಣುತ್ತೆ. ನನ್ನ ಎರಡನೇ ಮಗಂಗೆ ಎಷ್ಟೆಳೆ ಹಾಕ್ತೀಯ ಹೇಳು."

ಹೌದು ಗೊಂಚಿಗ್. ನಾನೇ.

ಆರು ವರ್ಷ ನೀನು ಅವನ ತೋಳಿನ ಕೆಳಗೆ ಬಗ್ಗುವುದನ್ನು ನೋಡಿದ್ದೆ. ಪ್ರತಿ ವರ್ಷ ಅದೇ ಭುಜ, ಅದೇ ಪಟ್ಟು. ನನ್ನ ಹೊಟ್ಟೆ ಉರಿಯುತ್ತಿತ್ತು. ಅಲ್ಲೊಂದು ಕಡೆ ಹೊಲಿಗೆ ಸಡಿಲ ಬಿಟ್ಟರೆ ಅವನ ಹಿಡಿತ ಜಾರೀತು, ಅಂಡು ನೆಲಕ್ಕೆ ತಾಗೀತು, ಜನ ನಕ್ಕಾರು, ನೀನು ಗೆದ್ದೀಯೆ, ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಅವನು ಅಷ್ಟು ಹಿಂದಕ್ಕೆ ಬಾಗಿರುತ್ತಾನೆ, ಕೈಯಲ್ಲಿದ್ದ ಅಂಗಿಯ ತೋಳೊಂದೇ ಅವನ ಕತ್ತು ನೆಲಕ್ಕೆ ಬಡಿಯದಂತೆ ಹಿಡಿದಿರುತ್ತದೆ ಎಂದು ಹೊಳೆಯಲಿಲ್ಲ. ಕುಸ್ತಿ ಆಡಿದವರಿಗೆ ಹೊಳೆಯುತ್ತಿತ್ತು. ನಾನು ದೂರದಿಂದ ನೋಡಿದವಳು.

ದೊಲ್ಗೊರ್ ಇದನ್ನು ದಗ್ವಾಗೆ ಹೇಳಿಲ್ಲ. "ಹೇಳಿದ್ರೆ ಇವತ್ತೇ ನಿನ್ನ ಕೊಲ್ತಾನೆ, ಜೈಲಲ್ಲಿ ಸಾಯ್ತಾನೆ. ನಂಗೆ ಉಳಿದಿರೋದು ಅವ್ನೊಬ್ನೇ. ಹೊಲಿ" ಎಂದು ಬಟ್ಟೆ ಇಟ್ಟು ಹೋದಳು. ಹರಿದ ಕೆಂಪು ತೋಳನ್ನು ಮಾತ್ರ ಮಡಚಿ ಮತ್ತೆ ಎದೆಯೊಳಗೆ ಇಟ್ಟುಕೊಂಡಳು.

ಸೆವ್ಜಿದ್


೧೯೮೫, ಜೂನ್ ೩

ಸೆವ್ಜಿದ್,

ಅಕ್ಕ ಎಂದು ಬರೆಯಲು ಕೈ ಬರುತ್ತಿಲ್ಲ.

ನಿನ್ನ ಕಾಗದ ಓದಿ ಹೊರಗೆ ಹೋಗಿ ಲಾರಿಯ ಗಾಜಿಗೆ ಗುದ್ದಿದೆ. ಗಾಜಿನ ಬದಲು ನಿನ್ನ ಮುಖ ಇರಬೇಕಿತ್ತು. ನನ್ನ ಕೈಯಲ್ಲಿ ನನ್ನ ಗೆಳೆಯನನ್ನು ಕೊಲ್ಲಿಸಿದೆ. ಕೊಲ್ಲಿಸಿ, ಬಟ್ಟೆ ಹಳೆಯದಿತ್ತೇನೋ ಎಂದು ಬರೆದೆ. ಕಾಲುಚೀಲ ಕಳಿಸಿದೆ! ಅದನ್ನು ಬೆಂಕಿಗೆ ಹಾಕಿದ್ದೇನೆ. ಆರು ವರ್ಷ ಸೋತಿದ್ದೆ, ಏನಾಯಿತು? ಊಟ ಸೇರಲಿಲ್ಲವಾ ನನಗೆ? ನಿದ್ದೆ ಬರಲಿಲ್ಲವಾ? ಸೋಲು ನನ್ನದು, ನಿನಗೇಕೆ ಉರಿಯಬೇಕಿತ್ತು?

ನಾನು ನಾದಮ್‌ಗೆ ಬರುತ್ತೇನೆ. ದಗ್ವಾನ ಹೆಸರು ಕರೆಯುತ್ತೇನೆ. ನೀನು ಅವನ ನೀಲಿ ಅಂಗಿ ಹೊಲಿ. ಎಡಭುಜಕ್ಕೆ ಒಂದೇ ಎಳೆ ಹಾಕು. ನಾನು ಅಲ್ಲೇ ಹಿಡಿದು, ಶಾರವ್‌ನ ಹಾಗೇ ಹಿಂದಕ್ಕೆ ಬಾಗುತ್ತೇನೆ. ಹರಿಯಲಿ. ದಗ್ವಾ ಯಾರನ್ನೂ ಕೊಂದ ಹಾಗಾಗುವುದಿಲ್ಲ, ಆ ಮುದುಕಿಗೆ ಒಬ್ಬ ಮಗ ಉಳಿಯುತ್ತಾನೆ, ನನಗೆ ಈ ಸದ್ದು ನಿಲ್ಲುತ್ತದೆ. ಮಾಡು. ನಿನಗೆ ಅಭ್ಯಾಸವಿದೆ.

ಗೊಂಚಿಗ್


೧೯೮೫, ಜೂನ್ ೨೮

ಗೊಂಚಿಗ್,

ಬೈದದ್ದೆಲ್ಲ ಸರಿ. ಇನ್ನೂ ಬಯ್ಯಿ. ಆದರೆ ಕೊನೆಯದೊಂದನ್ನು ನಾನು ಮಾಡುವುದಿಲ್ಲ.

ಎರಡು ಅಂಗಿ ಹೊಲಿದೆ. ಅವನದು ನೀಲಿ, ನಿನ್ನದು ಕೆಂಪು. ಯಂತ್ರದಲ್ಲಲ್ಲ, ಕೈಯಲ್ಲಿ. ಒಂಟೆಯ ನರದ ದಾರ, ಮೂರೆಳೆ, ಎರಡಕ್ಕೂ ಒಂದೇ ಉಂಡೆಯಿಂದ. ಭುಜದಲ್ಲಿ ನಾಲ್ಕು ಸಾಲು. ಐದು ಸೂಜಿ ಮುರಿದವು, ಒಂದರ ತುದಿ ಇನ್ನೂ ಹೆಬ್ಬೆರಳಿನೊಳಗಿದೆ, ಕೀವಾಗಿದೆ, ತೆಗೆಸಿಲ್ಲ. ನಿನ್ನದನ್ನು ಪಿಲ್ಜಿ ಅಜ್ಜನ ಹತ್ತಿರ ಕೊಟ್ಟಿದ್ದೇನೆ. ಬಂದರೆ ನನ್ನ ಮುಖ ನೋಡಬೇಕಾಗಿಲ್ಲ.

ಬರಬೇಡ ಎಂದರೆ ಕೇಳುವವನಲ್ಲ ನೀನು. ಆದರೂ ಬರಬೇಡ.

ಸೆವ್ಜಿದ್


ಜಿಲ್ಲಾ ಆಸ್ಪತ್ರೆ
೧೯೮೫, ಜುಲೈ ೨೦

ಅಕ್ಕ,

ಕುತ್ತಿಗೆಯ ಕೆಳಗಿನ ಎಡಗಡೆ ಮೂಳೆ ಮುರಿದಿದೆ, ಪಕ್ಕೆಲುಬು ಎರಡು, ಮೂಗು ಒಂದು. ಬಲಗೈ ಚೆನ್ನಾಗಿದೆ, ಬರೆಯುತ್ತಿದ್ದೇನೆ.

ಮೂರನೆಯ ಸುತ್ತಿಗೆ ಹದಿನಾರು ಜನ ಉಳಿದಿದ್ದೆವು. ಪಿಲ್ಜಿ ಅಜ್ಜ ನನ್ನ ಕಿವಿಯಲ್ಲಿ, "ಬೇರೆ ಯಾರ್ದಾದ್ರೂ ಹೆಸ್ರು ಹೇಳಪ್ಪ, ಹದಿನಾಲ್ಕು ಜನ ಬೇರೆ ಇದ್ದಾರೆ, ನಾನ್ ನಿನ್ನ ಟೋಪಿ ಹಿಡಿಯೋನು, ಹೆಣ ಹಿಡಿಯೋನಲ್ಲ" ಎಂದು ಗೋಗರೆದ. ನಾನು ದಗ್ವಾ ಅಂದೆ. ಕುದುರೆ ಹಾಲಿನ ಐರಗ್ ಕುಡಿಯುತ್ತಿದ್ದವರು ಬಟ್ಟಲು ಕೆಳಗಿಟ್ಟರು.

ಅವನು ಕುಸ್ತಿ ಆಡಲೇ ಇಲ್ಲ. ಮೊದಲೇ ಹಣೆಯಿಂದ ಗುದ್ದಿ ಮೂಗು ಒಡೆದ. ಕಣ್ಣಿಗೆ ರಕ್ತ ತುಂಬಿತು. ಹತ್ತಿರ ಸೇರಿದಾಗ ಯಾರಿಗೂ ಕಾಣದ ಹಾಗೆ ಮೊಣಕಾಲಿನಿಂದ ಪಕ್ಕೆಗೆ ಎರಡು ಸಲ ಕೊಟ್ಟ. ನಾನು ಸುಮ್ಮನೆ ಅವನ ಎಡಭುಜ ಹಿಡಿದೆ. ಹಿಡಿದಾಗಲೇ ಬೆರಳಿಗೆ ತಿಳಿಯಿತು, ನಾಲ್ಕು ಸಾಲು ಹೊಲಿಗೆ. ಆಗ ನಿನ್ನ ಮೇಲೆ ಬಂದ ಸಿಟ್ಟು ಹೇಳತೀರದು.

ಆಮೇಲೆ ಅವನು ನನ್ನನ್ನು ಎತ್ತಿದ. ಕಾಲು ಆಕಾಶಕ್ಕೆ, ತಲೆ ನೆಲಕ್ಕೆ. ಚಳಿಗಾಲವೆಲ್ಲ ಕಲಿತದ್ದು ಅದೇ ಇರಬೇಕು. ನೆಟ್ಟಗೆ ಕತ್ತಿನ ಮೇಲೆ ಕುಕ್ಕಿದ. ಆದರೆ ನನ್ನ ಕೈ ಅವನ ಭುಜ ಬಿಟ್ಟಿರಲಿಲ್ಲ. ಹೊಲಿಗೆ ಬಿಡಲಿಲ್ಲ. ಆ ತೋಳಿಗೆ ನೇತುಬಿದ್ದು ಮೈ ತಿರುಗಿತು, ಭುಜದ ಮೇಲೆ ಬಿದ್ದೆ. ಮತ್ತೆ ಅದೇ ಸದ್ದು, ಈ ಸಲ ನನ್ನ ಮೂಳೆಯದು. ಸಾಯಲು ಬಂದವನು ಕೈ ಯಾಕೆ ಬಿಡಲಿಲ್ಲ ಎಂದು ನೀನು ಕೇಳಬಹುದು. ನನಗೂ ಗೊತ್ತಿಲ್ಲ.

ಎದ್ದು ಒಂದೇ ಕೈಯಲ್ಲಿ ಗಂಟು ಬಿಚ್ಚಿದೆ. ದಗ್ವಾ ಬಲತೋಳು ಎತ್ತಿ ನಿಂತಿದ್ದ. ತಲೆ ಬಗ್ಗಿಸಿ ದಾಟಲು ಹೋದೆ. ಅರ್ಧ ದಾಟಿದಾಗ ತೋಳು ಇಳಿದು ನನ್ನ ಕತ್ತನ್ನು ಕಂಕುಳಲ್ಲಿ ಕಚ್ಚಿಕೊಂಡಿತು.

"ಶಾರವ್ ಕೈಲಿದ್ದ ತೋಳು ಯಾಕೋ ಹರೀತು?" ಎಂದು ಕಿವಿಯಲ್ಲಿ ಕೇಳಿದ. ಮೆಲ್ಲಗೆ, ಹಾಲು ಕೇಳುವ ಹಾಗೆ.

"ನಾನೇ ದಾರ ಕಿತ್ತಿದ್ದೆ" ಅಂದೆ.

ತೋಳು ಬಿಗಿಯಿತು. ಪಿಲ್ಜಿ ಅಜ್ಜ ನನ್ನ ಟೋಪಿಯಿಂದಲೇ ಅವನ ಬೆನ್ನಿಗೆ ಬಡಿಯುತ್ತಿದ್ದ. "ನೀನಾ?"

"ನಾನೇ. ನಮ್ಮಕ್ಕಂಗೆ ಏನೂ ಗೊತ್ತಿಲ್ಲ."

ಕಣ್ಣು ಕತ್ತಲೆಯಾಯಿತು. ಕತ್ತಿನ ಮೂಳೆ ಒಂದರ ಮೇಲೊಂದು ಉಜ್ಜಿದ್ದು ಕೇಳಿಸಿತು. ಆಮೇಲೆ ಗಾಳಿ ಬಂತು. ಅವನು ತೋಳು ಸಡಿಲಿಸಿದ್ದ. "ಸುಳ್ಳ" ಅಂದ. "ಬೆಳಿಗ್ಗೆ ಅಂಗಿ ಕೊಡುವಾಗ ಈ ನಾಲ್ಕು ಸಾಲು ಹೊಲಿಗೆ ತೋರ್ಸಿ ಅಮ್ಮ ಎಲ್ಲಾ ಹೇಳಿದ್ಲು. ನಿನ್ ಬಾಯಿಂದ ಯಾರ ಹೆಸ್ರು ಬರುತ್ತೆ ನೋಡ್ಬೇಕಿತ್ತು. ನಿನ್ನಕ್ಕನ ಹೆಸ್ರು ಬಂದಿದ್ರೆ ಮುರೀತಿದ್ದೆ." ನನ್ನನ್ನು ಆ ಕಡೆಗೆ ತಳ್ಳಿದ. "ಅವಳು ನಮ್ಮ ಗೆರ್‌ಗೆ ಬರ್ಲಿ. ಯಾರೂ ಎಳ್ಕೊಂಡು ಬರ್ಬಾರ್ದು, ತಾನಾಗೇ ಬರ್ಲಿ." ಗೆದ್ದವರು ಕುಣಿಯುವ ಗರುಡ ಕುಣಿತವನ್ನೂ ಕುಣಿಯದೆ ಅಂಗಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಕುದುರೆ ಹತ್ತಿದ. ನಾಲ್ಕನೆಯ ಸುತ್ತಿಗೆ ಅವನಿರಲಿಲ್ಲ.

ನಿನಗಾಗಿ ಸುಳ್ಳು ಹೇಳಿದ್ದಕ್ಕೆ ನಾನು ನಿನ್ನನ್ನು ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ. ಬಾಯಿಗೆ ಅದು ತಾನಾಗಿ ಬಂತು. ನನ್ನದು ಮುಗಿಯಿತು, ಈಗ ನೀನು ಹೋಗು. ಅವನು ಏನು ಮಾಡುತ್ತಾನೋ ನನಗೆ ಗೊತ್ತಿಲ್ಲ. ಹೋಗುವವರೆಗೆ ನನಗೆ ಬರೆಯಬೇಡ.

ಗೊಂಚಿಗ್


೧೯೮೫, ಜುಲೈ ೩೦

ಗೊಂಚಿಗ್,

ಹೋಗಿ ಬಂದೆ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬಯ್ಯಬೇಡ, ಎಡಗೈ.

ದೂರದಲ್ಲೇ ಕುದುರೆ ಇಳಿದು "ನಾಯಿ ಹಿಡ್ಕೊಳ್ಳೀ..." ಎಂದು ಕೂಗಿದೆ. ದಗ್ವಾ ಹೊರಗೆ ಬಂದ, ಹಿಡಿಯಲಿಲ್ಲ. ನಾಯಿ ಮೀನಖಂಡಕ್ಕೆ ಬಾಯಿ ಹಾಕಿತು. ನಾನು ಕಲ್ಲು ಎತ್ತಲಿಲ್ಲ, ಓಡಲೂ ಇಲ್ಲ. ನನ್ನ ಬಾಸರ್ ನೆನಪಾಯಿತು. ಅದು ಮಾಂಸ ಕಚ್ಚಿ ಅಲ್ಲಾಡಿಸುವುದನ್ನು ಅವನು ಒಂದಿಷ್ಟು ಹೊತ್ತು ನೋಡಿ, ಆಮೇಲೆ ಬಂದು ಒದ್ದು ಬಿಡಿಸಿದ. ಅವನ ಕಿವಿ ನಾನು ಸುಟ್ಟ ಜಾಗದಲ್ಲಿ ಮುದುಡಿಕೊಂಡಿದೆ.

"ಏನ್ ಹೇಳೋಕ್ ಬಂದೆ?" ಅಂದ.

"ಒಂದೇ ಎಳೆ ಹಾಕಿದ್ದು ನಾನು. ನನ್ನ ತಮ್ಮಂಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು, ಗೊತ್ತಿದ್ದೇ ಹಾಕ್ದೆ."

ಪಕ್ಕದ ಗೆರ್‌ಗಳವರೂ ಹೊರಗೆ ಬಂದು ನಿಂತಿದ್ದರು. ಎಲ್ಲರಿಗೂ ಕೇಳಲಿ ಎಂದು ಇನ್ನೊಮ್ಮೆ ಹೇಳಿದೆ. ಅವನು ಚಾವಟಿ ಎತ್ತಿದ. ನಾನು ಬಲಗೈ ಮುಂದೆ ಚಾಚಿದೆ. ಚಾವಟಿಯ ಮರದ ಹಿಡಿಯಿಂದ ಒಂದೇ ಏಟು. ಮೂರು ಬೆರಳು ಮುರಿದವು, ಸೂಜಿ ಹಿಡಿಯುವ ಎರಡೂ ಅದರಲ್ಲಿ ಸೇರಿವೆ. ಅವನು ಎರಡನೆಯದಕ್ಕೆ ಎತ್ತಿದವನು ಹೊಡೆಯಲಿಲ್ಲ. ಚಾವಟಿ ಬಿಸಾಕಿ, ಅಲ್ಲೇ ನೆಲದ ಮೇಲೆ ಕೂತು, ಅಷ್ಟು ದೊಡ್ಡ ಮನುಷ್ಯ, ಶಾರವ್ ಹೆಸರು ಹಿಡಿದು ಅತ್ತ. ವರ್ಷದಿಂದ ಅತ್ತಿರಲಿಲ್ಲವಂತೆ.

ನಾನು ತಿರುಗಿ ಹೊರಡಬೇಕು, ಆಗ ದೊಲ್ಗೊರ್ ಗೆರ್‌ನ ಬಾಗಿಲಿಗೆ ಬಂದಳು. ನಿನ್ನ ಕೆಂಪು ಅಂಗಿಯ ತೋಳು ಅವಳ ಎಡಗೈಯಲ್ಲಿತ್ತು. ಬಲತೋಳಿನಿಂದ ಬಾಗಿಲ ಕಂಬಳಿಯನ್ನು ಮೇಲಕ್ಕೆ ಎತ್ತಿ ಹಿಡಿದು ನಿಂತಳು. ಅವರ ಗೆರ್ ಬಾಗಿಲು ಗಿಡ್ಡ, ನಿನಗೆ ಗೊತ್ತು. ನಾನು ಎಡಗೈಯಲ್ಲಿ ನಡುಕಟ್ಟಿನ ಗಂಟು ಬಿಚ್ಚಿ, ತಲೆ ಬಗ್ಗಿಸಿ, ಅವಳ ತೋಳಿನ ಕೆಳಗೆ ದಾಟಿ ಒಳಗೆ ಹೋದೆ.

ಅಕ್ಕ,
ಸೆವ್ಜಿದ್